ವ್ಯಾನಿನ ಜಾರುಬಾಗಿಲು ಬಿಗಿಯಾದಾಗ



ಪಾಠ, ಪರೀಕ್ಷೆ, ಹಳೆಯ ಸಹೋದ್ಯೋಗಿಗಳು ಎಂದೆಲ್ಲ ಬರೆಯುತ್ತಿದ್ದ ಮೇಷ್ಟ್ರು ಈ ಸಲ ವ್ಯಾನಿನ ಬಾಗಿಲಿನ ಬಗ್ಗೆ ಬರೆಯಹೊರಟಿದ್ದಾರಲ್ಲ ಎಂದು ನಗಬೇಡಿ. ವಿಷಯ ಚಿಕ್ಕದೇ, ಆದರೆ ಅದರ ಸಂದಿನಲ್ಲಿ ಸಿಲುಕುವುದು ಮಕ್ಕಳ ಬೆರಳು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಬೆಳಗಿನ ಎಂಟು ಗಂಟೆಗೆ ಯಾವ ಓಣಿಯಲ್ಲಿ ನಿಂತರೂ ಶಾಲೆಯ ವ್ಯಾನುಗಳ ಬಾಗಿಲು ‘ಧಡ್’ ಎಂದು ಮುಚ್ಚುವ ಸದ್ದು ಕೇಳಿಸುತ್ತದೆ. ಅತ್ತ ಅಮೆರಿಕದಲ್ಲಿ ನೆಲೆಸಿರುವ ನಿಮ್ಮಲ್ಲಿ ಹಲವರ ಮನೆಗಳ ಮುಂದೆ, ಗುಂಡಿ ಒತ್ತಿದರೆ ತಾನೇ ತೆರೆದುಕೊಳ್ಳುವ ಬಾಗಿಲಿನ ಮಿನಿವ್ಯಾನುಗಳು ನಿಂತಿವೆ. ಎರಡರ ಬಾಗಿಲೂ ಬಿಗಿಯಾಗುತ್ತದೆ. ಎರಡರ ಬಿಗಿತಕ್ಕೂ ಕಾರಣ ಬಹುಮಟ್ಟಿಗೆ ಒಂದೇ. ಇಲ್ಲಿಯ ಜನ ಅದನ್ನು ತೋಳಿನ ಬಲದಿಂದ ಮೀರುತ್ತಾರೆ, ಅಲ್ಲಿಯವರು ಮೋಟಾರಿನ ಬಲದಿಂದ. ಎರಡೂ ಸರಿಯಾದ ದಾರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಬಾಗಿಲು ಬಿಗಿಯಾಗಿದೆಯೆಂದರೆ ಅದು ಏನೋ ಹೇಳುತ್ತಿದೆ ಎಂದೇ ತಿಳಿಯಬೇಕು. ಬಗ್ಗಿ ಅದರ ಕಾಲಬುಡವನ್ನು ನೋಡಬೇಕು.

ನಮ್ಮ ಭಾಗದ ಜನರಿಗೆ ಜಾರುಬಾಗಿಲನ್ನು ಪರಿಚಯಿಸಿದ್ದು 1984ರಲ್ಲಿ ಮಾರುಕಟ್ಟೆಗೆ ಬಂದ ಮಾರುತಿ ವ್ಯಾನು. ಮುಂದೆ ಅದಕ್ಕೆ ಓಮ್ನಿ ಎಂಬ ಹೆಸರಾಯಿತು. 796 ಸಿಸಿಯ ಪುಟ್ಟ ಎಂಜಿನ್ನನ್ನು ಮುಂದಿನ ಸೀಟಿನ ಕೆಳಗೆ ಅಡಗಿಸಿಕೊಂಡ ಆ ಡಬ್ಬಿಯಂಥ ಗಾಡಿ ಹೆರಿಗೆಗೆ ಹೊರಟವರನ್ನು, ಮದುವೆಯ ಬೀಗರನ್ನು, ಸಂತೆಯ ಮೂಟೆಗಳನ್ನು, ಶಾಲೆಯ ಮಕ್ಕಳನ್ನು ಭೇದವೆಣಿಸದೆ ಹೊತ್ತು ತಿರುಗಿತು. ಸಿನಿಮಾದವರು ಮಾತ್ರ ಅದನ್ನು ಅಪಹರಣಕಾರರ ವಾಹನವಾಗಿಸಿ ಅದರ ಬಾಗಿಲಿಗೆ ಕೆಟ್ಟ ಹೆಸರು ತಂದರು! 2019ರಲ್ಲಿ ಓಮ್ನಿಯ ತಯಾರಿಕೆ ನಿಂತಿತು. 2010ರಲ್ಲಿ ಬಂದ ಈಕೋ ಈಗ ಅದರ ಕೆಲಸವನ್ನು ಮಾಡುತ್ತಿದೆ. ಗುಂಡಿ ಒತ್ತಿ ತೆರೆಯುವ ಬಾಗಿಲಿನ ದೊಡ್ಡ ವಾಹನಗಳೂ ನಮ್ಮ ದೇಶಕ್ಕೆ ಬಂದಿವೆ. 2020ರಲ್ಲಿ ಕಿಯಾ ಕಾರ್ನಿವಲ್ ಮತ್ತು ಟೊಯೋಟಾ ವೆಲ್‌ಫೈರ್ ಬಂದವು; 2025ರಲ್ಲಿ ಎಂ.ಜಿ.ಯವರ ಎಂ-9 ಎಂಬ ವಿದ್ಯುತ್ ವಾಹನವೂ ಬಂತು. ಇವು ನಮ್ಮ ತಾಲ್ಲೂಕುಗಳ ರಸ್ತೆಯಲ್ಲಿ ಅಪರೂಪ. ಬೆಂಗಳೂರು, ಹೈದರಾಬಾದುಗಳಿಂದ ಬರುವ ನೆಂಟರೊಡನೆ ಒಮ್ಮೊಮ್ಮೆ ಬಂದು ಹೋಗುತ್ತವೆ.

ಜಾರುಬಾಗಿಲಿನ ಗುಣ ದೊಡ್ಡದು. ಇಕ್ಕಟ್ಟಾದ ಓಣಿಯಲ್ಲಿ ಅದು ಹೊರಗೆ ಚಾಚಿಕೊಳ್ಳುವುದಿಲ್ಲ. ಹಿಂದಿನಿಂದ ಬರುವ ಸೈಕಲ್ಲಿನವನಿಗೆ ಬಡಿಯುವುದಿಲ್ಲ. ಮಗುವನ್ನು ಎತ್ತಿಕೊಂಡ ತಾಯಿ, ಮಂಡಿನೋವಿನ ಮುದುಕರು ಸುಲಭವಾಗಿ ಹತ್ತಿ ಇಳಿಯಬಹುದು. ಆದರೆ ಮಾಮೂಲು ಬಾಗಿಲು ಎರಡು ತಿರುಗಣಿಗಳ ಮೇಲೆ ತೂಗುತ್ತದೆ; ಜಾರುಬಾಗಿಲಿಗೋ ಮೂರು ಹಳಿಗಳು ಬೇಕು. ಮೇಲೊಂದು, ಕೆಳಗೆ ಮೆಟ್ಟಿಲಿನ ಬಳಿ ಒಂದು, ವಾಹನದ ಹಿಂಬದಿಯ ಪಕ್ಕದಲ್ಲಿ ನಡುಮಟ್ಟದಲ್ಲಿ ಇನ್ನೊಂದು. ಪ್ರತಿ ಹಳಿಯಲ್ಲೂ ಒಂದು ತೋಳು, ಆ ತೋಳಿನ ತುದಿಯಲ್ಲಿ ಪುಟ್ಟ ಚಕ್ರಗಳು, ಅಂದರೆ ರೋಲರುಗಳು. ಇಡೀ ಬಾಗಿಲಿನ ಭಾರ ಬೆರಳುದ್ದದ ಈ ರೋಲರುಗಳ ಮೇಲೆ ನಿಂತಿದೆ.

ಎಂಟನೆಯ ತರಗತಿಯಲ್ಲಿ ನಾನು ಘರ್ಷಣೆಯ ಪಾಠ ಮಾಡುವಾಗ ಮೇಜಿನ ಮೇಲೆ ಪುಸ್ತಕವನ್ನು ತಳ್ಳಿಸಿ, ಆಮೇಲೆ ಅದರ ಕೆಳಗೆ ನಾಲ್ಕು ಪೆನ್ಸಿಲ್ ಇಟ್ಟು ತಳ್ಳಿಸುತ್ತಿದ್ದುದು ನಿಮಗೆ ನೆನಪಿರಬಹುದು. ಜಾರು ಘರ್ಷಣೆಗಿಂತ ಉರುಳು ಘರ್ಷಣೆ ಬಹಳ ಕಡಿಮೆ ಎಂಬುದನ್ನು ತೋರಿಸಲು ಅಷ್ಟು ಸಾಕಾಗಿತ್ತು. ನಮ್ಮ ವ್ಯಾನಿನ ಬಾಗಿಲಿನ ಗುಟ್ಟೂ ಅದೇ. ಜಾರುಬಾಗಿಲು ಎಂದು ಹೆಸರಿದ್ದರೂ ಅದು ಜಾರುವುದಿಲ್ಲ, ಉರುಳುತ್ತದೆ. ಹಳಿಯಲ್ಲಿ ಕಸ ತುಂಬಿ, ಅಥವಾ ರೋಲರಿನ ಮೊಳೆಗೆ ತುಕ್ಕು ಹಿಡಿದು ಅದು ತಿರುಗುವುದು ನಿಂತಾಗ, ಬಾಗಿಲು ನಿಜವಾಗಿಯೂ ಜಾರತೊಡಗುತ್ತದೆ. ಆಗಲೇ ಬಿಗಿತ ಶುರುವಾಗುವುದು. ತಿರುಗದ ರೋಲರನ್ನು ಎಳೆದಾಡಿದಷ್ಟೂ ಅದರ ಒಂದು ಮಗ್ಗುಲು ಸವೆದು ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಚಕ್ರ ಮತ್ತೆ ಎಂದೂ ಸರಿಯಾಗಿ ಉರುಳದು. ಹೀಗೆ ನಾವು ಹಾಕುವ ಬಲವೇ ರೋಗವನ್ನು ಬೆಳೆಸುತ್ತದೆ.

ಕಸಕ್ಕೆ ನಮ್ಮಲ್ಲಿ ಬರವೇ? ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಸಿಂಧನೂರಿನ ಸೀಮೆ ಭತ್ತದ ಕಣಜವಾಗಿದೆ. ಗದ್ದೆಯಲ್ಲಿ ಕೆಸರು ಮಾಡಿ ರಸ್ತೆಗೇರಿದ ಟ್ರಾಕ್ಟರು ತನ್ನ ಗಾಲಿಗಂಟಿದ ಎರೆಮಣ್ಣನ್ನೆಲ್ಲ ಡಾಂಬರಿನ ಮೇಲೆ ಉದುರಿಸುತ್ತದೆ. ಎರಡು ಬಿಸಿಲಿಗೆ ಅದು ಒಣಗಿ ಹಿಟ್ಟಿನಂಥ ಧೂಳಾಗುತ್ತದೆ. ಸುಗ್ಗಿಯಲ್ಲಿ ಅದರ ಜೊತೆ ಹೊಟ್ಟು, ಅಕ್ಕಿ ಗಿರಣಿಗಳ ತೌಡು. ಮಸ್ಕಿಯಿಂದ ಲಿಂಗಸುಗೂರಿನ ಕಡೆ ಹೋದರೆ ಗರಸಿನ ಹಾದಿಗಳ ಸಣ್ಣ ಹರಳು. ಇವೆಲ್ಲ ಹೊರಗಿನ ಕಸ. ಒಳಗಿನದು ಮಕ್ಕಳು ಬೀಳಿಸಿದ ಶೇಂಗಾ ಸಿಪ್ಪೆ, ಪೆನ್ಸಿಲ್ ತುಂಡು, ಚಾಕೊಲೇಟಿನ ಹಾಳೆ. ಕೆಳಗಿನ ಹಳಿ ಮೆಟ್ಟಿಲಿನ ಬಳಿಯೇ ಇರುವುದರಿಂದ ಎಲ್ಲರ ಚಪ್ಪಲಿಯ ಮಣ್ಣೂ ಅಲ್ಲಿಗೇ ಸಮರ್ಪಣೆ. ಅಮೆರಿಕದ ಚಳಿ ಸೀಮೆಯಲ್ಲಿ ಈ ಜಾಗವನ್ನು ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಮತ್ತು ಮಕ್ಕಳ ತಿಂಡಿಯ ಚೂರು ತುಂಬುತ್ತವೆ. ದೇಶ ಬೇರೆಯಾದರೂ ಹಳಿಯ ಕಷ್ಟ ಒಂದೇ.

ಇಲ್ಲಿ ನಮ್ಮ ಜನ ಒಂದು ಉಪಾಯ ಮಾಡುತ್ತಾರೆ. ಬಾಗಿಲು ಬಿಗಿಯಾಯಿತೆಂದರೆ ಒಂದು ಮುಷ್ಟಿ ಗ್ರೀಸನ್ನೋ ಎಂಜಿನ್ನಿನ ಹಳೆಯ ಎಣ್ಣೆಯನ್ನೋ ಹಳಿಗೆ ಬಳಿಯುತ್ತಾರೆ. ಮೊದಲ ವಾರ ಬಾಗಿಲು ಬೆಣ್ಣೆಯಂತೆ ಓಡುತ್ತದೆ. ಆಮೇಲೆ ಆ ಜಿಡ್ಡು ಬೀದಿಯ ಧೂಳನ್ನೆಲ್ಲ ಹಿಡಿದಿಟ್ಟುಕೊಂಡು ಸಾಣೆ ಹಿಡಿಯುವ ಪುಡಿಯಂತಾಗಿ ರೋಲರನ್ನೇ ತಿನ್ನತೊಡಗುತ್ತದೆ. ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರಾಗಿದ್ದರು. ಬಂಡಿಯ ಗಾಲಿಗೆ ಕೀಲೆಣ್ಣೆ ಹಾಕುವ ಮೊದಲು ಗಾಲಿಯನ್ನು ಸರಿಸಿ, ಅಚ್ಚಿಗೆ ಅಂಟಿದ ಕಪ್ಪು ಮಸಿಯನ್ನು ಅರಿವೆಯಿಂದ ಒರೆಸಿ ತೆಗೆದು, ಆನಂತರವೇ ಹೊಸ ಎಣ್ಣೆ ಹಚ್ಚುತ್ತಿದ್ದರು. ಒರೆಸದೆ ಎಣ್ಣೆ ಹಾಕುವವನನ್ನು ಸೋಮಾರಿ ಎಂದೇ ಕರೆಯುತ್ತಿದ್ದರು. ಬಂಡಿ ಹೋಯಿತು, ಅದರೊಡನೆ ಆ ಬುದ್ಧಿಯೂ ಹೋಗಬೇಕೆಂದೇನಿಲ್ಲ.

ಇನ್ನು ವಿದ್ಯುತ್ ಬಾಗಿಲಿನ ವಿಚಾರ. ನಮ್ಮೂರ ಸೇದುವ ಬಾವಿಯ ರಾಟೆಯನ್ನು ನೆನಪಿಗೆ ತಂದುಕೊಳ್ಳಿ. ಬಹಳಷ್ಟು ಮಿನಿವ್ಯಾನುಗಳಲ್ಲಿ ಒಂದು ಮೋಟಾರು, ಅದಕ್ಕೊಂದು ರಾಟೆ, ರಾಟೆಗೆ ಸುತ್ತಿದ ಉಕ್ಕಿನ ತಂತಿಹಗ್ಗ ಇರುತ್ತವೆ. ಆ ಹಗ್ಗದ ತುದಿಗಳು ಬಾಗಿಲಿನ ನಡುವಿನ ರೋಲರಿನ ತೋಳಿಗೆ ಕಟ್ಟಿರುತ್ತವೆ. ಮೋಟಾರು ಒಂದು ಕಡೆ ತಿರುಗಿದರೆ ಬಾಗಿಲು ತೆರೆಯುತ್ತದೆ, ಇನ್ನೊಂದು ಕಡೆ ತಿರುಗಿದರೆ ಮುಚ್ಚುತ್ತದೆ. ಕೊನೆಯ ಅರ್ಧ ಅಂಗುಲವನ್ನು ಚಿಲಕದ ಬಳಿಯ ಇನ್ನೊಂದು ಪುಟ್ಟ ಮೋಟಾರು ಬಿಗಿದೆಳೆದುಕೊಳ್ಳುತ್ತದೆ. ಇದನ್ನೆಲ್ಲ ಕಾಯುವ ಒಂದು ಸಣ್ಣ ಗಣಕವಿದೆ. ಮೋಟಾರು ಎಷ್ಟು ವೇಗದಲ್ಲಿ ತಿರುಗುತ್ತಿದೆ, ಎಷ್ಟು ಪ್ರಯಾಸಪಡುತ್ತಿದೆ ಎಂಬುದನ್ನು ಅದು ಅಳೆಯುತ್ತಿರುತ್ತದೆ. ದಾರಿಯಲ್ಲಿ ಅಡ್ಡಿ ಬಂದಿದೆ ಎನಿಸಿದರೆ ಬಾಗಿಲನ್ನು ಹಿಂದಕ್ಕೆ ಕಳಿಸುತ್ತದೆ. ಬಾಗಿಲಿನ ಅಂಚಿನಲ್ಲಿ ಸ್ಪರ್ಶವನ್ನು ಅರಿಯುವ ಪಟ್ಟಿಯೂ ಇರುತ್ತದೆ. ಇದೆಲ್ಲ ಮಕ್ಕಳ ಬೆರಳು ಕಾಯಲೆಂದೇ ಮಾಡಿದ ಏರ್ಪಾಡು.

ಆದರೆ ಆ ಗಣಕಕ್ಕೆ ಮಗುವಿನ ಕೈಯೂ ಒಂದೇ, ಹಳಿಯಲ್ಲಿ ಗಟ್ಟಿಯಾದ ಮಣ್ಣೂ ಒಂದೇ. ಎರಡನ್ನೂ ಅದು ಅಡ್ಡಿಯೆಂದೇ ತಿಳಿಯುತ್ತದೆ. ಬಿಗಿಯಾದ ಬಾಗಿಲು ಅರ್ಧ ದಾರಿ ಹೋಗಿ ಮರಳುವುದು ಇದರಿಂದಲೇ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಕೈಯಿಂದ ಎಳೆಯುವ ಬಾಗಿಲು ಸ್ವಲ್ಪ ಬಿಗಿಯಾದ ದಿನವೇ ತೋಳಿಗೆ ತಿಳಿದುಹೋಗುತ್ತದೆ. ವಿದ್ಯುತ್ ಬಾಗಿಲಿನಲ್ಲಿ ಆ ಬಿಗಿತವನ್ನು ತಿಂಗಳುಗಟ್ಟಲೆ ಮೋಟಾರು ನುಂಗಿಕೊಳ್ಳುತ್ತದೆ. ನಮಗೆ ಸುದ್ದಿ ಮುಟ್ಟುವ ಹೊತ್ತಿಗೆ ರೋಲರು ಸವೆದಿರುತ್ತದೆ, ತಂತಿಹಗ್ಗದ ಎಳೆಗಳು ಬಿಚ್ಚತೊಡಗಿರುತ್ತವೆ. ಮೋಟಾರು ಬಿಗಿತವನ್ನು ಹೋಗಲಾಡಿಸುವುದಿಲ್ಲ, ಮರೆಮಾಡುತ್ತದೆ. ನಾನು ಈ ಬರಹದಲ್ಲಿ ಒತ್ತಿ ಹೇಳಬೇಕೆಂದಿರುವುದು ಈ ಒಂದೇ ಮಾತನ್ನು.

ನನ್ನ ಅಕ್ಕನ ಮಗ ಹಲವು ವರ್ಷಗಳಿಂದ ಅಮೆರಿಕದಲ್ಲಿದ್ದಾನೆ. ಅವನ ವ್ಯಾನಿನ ಎಡಬಾಗಿಲು ಹೀಗೆಯೇ ಅರ್ಧಕ್ಕೆ ಹೋಗಿ ಮರಳತೊಡಗಿತಂತೆ. ಸರ್ವಿಸ್ ಕೇಂದ್ರವೊಂದರಲ್ಲಿ ಮೋಟಾರಿನ ಇಡೀ ಜೋಡಣೆಯನ್ನೇ ಬದಲಿಸಬೇಕೆಂದು ಹೇಳಿ, ಸಾವಿರ ಡಾಲರಿಗೂ ಮೇಲ್ಪಟ್ಟ ಅಂದಾಜನ್ನು ಕೈಗಿತ್ತರು. ಫೋನಿನಲ್ಲಿ ಅವನು ಇದನ್ನು ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ವಿದ್ಯುತ್ ನಿಲ್ಲಿಸಿ ಕೈಯಿಂದ ಎಳೆದು ನೋಡಿದೆಯಾ?’ ಆ ವಾಹನಗಳ ಮುಂಭಾಗದಲ್ಲಿ ಬಾಗಿಲಿನ ವಿದ್ಯುತ್ತನ್ನು ನಿಲ್ಲಿಸುವ ಒಂದು ಗುಂಡಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಒತ್ತಿ ಬಾಗಿಲನ್ನು ಕೈಯಿಂದ ನಿಧಾನವಾಗಿ ಎಳೆದಾಗ ಎಡಬಾಗಿಲು ಬಲಬಾಗಿಲಿಗಿಂತ ಎಷ್ಟೋ ಬಿಗಿಯಾಗಿತ್ತು. ಅಲ್ಲಿಗೆ ದೋಷ ಹಳಿಯಲ್ಲಿದೆ ಎಂದು ತಿಳಿಯಿತು. ಶನಿವಾರ ಮಧ್ಯಾಹ್ನ ಗಂಡಹೆಂಡತಿ ಕೂತು ಹಳಿಯನ್ನು ಶುಚಿ ಮಾಡಿದರು. ಹೊರಬಂದದ್ದು ಒಂದು ಬಟ್ಟಲು ಮಣ್ಣು, ಮೂರು ನಾಣ್ಯ, ಮಗುವಿನ ಆಟಿಕೆಯ ಒಂದು ತುಂಡು. ಬಾಗಿಲು ಮತ್ತೆ ಸರಿಯಾಗಿ ಓಡುತ್ತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಮ್ಮಲ್ಲಿದೆಯಲ್ಲ, ಕಸಕ್ಕಾಗಿ ಮೋಟಾರನ್ನು ಬದಲಿಸುವುದೂ ಹಾಗೆಯೇ. ಹೊಸ ಮೋಟಾರು ಹಾಕಿಸಿದ್ದರೂ ಅದೇ ಕಸದ ಹಳಿಯಲ್ಲಿ ಅದೂ ಏದುಸಿರು ಬಿಡುತ್ತಿತ್ತು.

ಹಾಗೆಂದು ಎಲ್ಲ ಮೆಕ್ಯಾನಿಕ್ಕರನ್ನೂ ದೂಷಿಸುವುದು ನ್ಯಾಯವಲ್ಲ. ಕೂಲಿ ದುಬಾರಿಯಾದ ದೇಶದಲ್ಲಿ ಒಂದು ತಾಸು ಹಳಿ ತೊಳೆದು ‘ಸರಿಯಾಗಬಹುದು’ ಎನ್ನುವುದಕ್ಕಿಂತ ಇಡೀ ಜೋಡಣೆ ಬದಲಿಸಿ ‘ಸರಿಯಾಯಿತು’ ಎನ್ನುವುದು ಅವರಿಗೆ ಸುಲಭ. ತಂತಿಹಗ್ಗ ಹರಿದಿದ್ದರೆ ಬದಲಿಸದೆ ಗತಿಯೂ ಇಲ್ಲ. ನನ್ನ ತಕರಾರು ಕ್ರಮದ ಬಗ್ಗೆ ಮಾತ್ರ. ಮೊದಲು ಕೈಯಿಂದ ಪರೀಕ್ಷೆ, ಆಮೇಲೆ ಶುಚಿ, ಆಮೇಲೆ ರೋಲರು, ಕೊನೆಗೆ ಮೋಟಾರು. ಅಗ್ಗದ ಕಾರಣವನ್ನು ತಳ್ಳಿಹಾಕಿದ ಮೇಲೆಯೇ ದುಬಾರಿ ಕಾರಣಕ್ಕೆ ಹೋಗಬೇಕು.

ಈ ಕೆಲಸವನ್ನು ಮನೆಯಲ್ಲೇ ಮಾಡಬಯಸುವವರಿಗಾಗಿ ಕ್ರಮವನ್ನು ಬರೆದಿಡುತ್ತೇನೆ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಬಾಗಿಲಿನ ವಿದ್ಯುತ್ತನ್ನು ನಿಲ್ಲಿಸಿ, ಕೀಲಿಯನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ಬಾಗಿಲನ್ನು ಕೈಯಿಂದ ಎಳೆದು ಎರಡೂ ಬದಿಯನ್ನು ಹೋಲಿಸಿ. ವಿದ್ಯುತ್ ಬಾಗಿಲು ಕೈಗೆ ತುಸು ಭಾರವೆನಿಸುವುದು ಸಹಜ. ಆದ್ದರಿಂದಲೇ ಹೋಲಿಕೆ ಬೇಕು. ಕೈಗೆ ಹಗುರವಾಗಿದ್ದು ಗುಂಡಿಗೆ ಮಾತ್ರ ಓಗೊಡದಿದ್ದರೆ ದೋಷ ಬ್ಯಾಟರಿ, ಫ್ಯೂಸು, ತಂತಿ ಅಥವಾ ಮೋಟಾರಿನದು. ವಾರಗಟ್ಟಲೆ ನಿಂತ ವಾಹನದಲ್ಲಿ ಮೊದಲು ಬ್ಯಾಟರಿಯನ್ನೇ ನೋಡಬೇಕು. ಕೆಲವು ವಾಹನಗಳಲ್ಲಿ ಇಂಧನದ ಮುಚ್ಚಳ ತೆರೆದಿದ್ದರೆ ಆ ಬದಿಯ ಬಾಗಿಲು ಪೂರ್ತಿ ತೆರೆಯದಂತೆ ತಡೆಯಿರುತ್ತದೆ, ಅದು ದೋಷವಲ್ಲ.

ಕೈಗೂ ಬಿಗಿಯಾಗಿದ್ದರೆ ಮೂರೂ ಹಳಿಗಳ ಒಣ ಕಸವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ ತೆಗೆಯಿರಿ. ವ್ಯಾಕ್ಯೂಮ್ ಇದ್ದರೆ ಇನ್ನೂ ಒಳಿತು. ಹಳೆಯ ಜಿಡ್ಡನ್ನು ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿದ ಅರಿವೆಯಿಂದ, ಅದು ಬಿಳಿಯಾಗಿ ಹೊರಬರುವವರೆಗೆ ಒರೆಸಿ. ಪೂರ್ತಿ ಒಣಗಲು ಬಿಡಿ. ಒಂದೊಂದು ರೋಲರನ್ನೂ ಬೆರಳಿನಿಂದ ತಿರುಗಿಸಿ ನೋಡಿ. ತಿರುಗದಿದ್ದರೆ, ಚಪ್ಪಟೆಯಾಗಿದ್ದರೆ, ಅಲುಗಾಡುತ್ತಿದ್ದರೆ ಅದನ್ನು ಬದಲಿಸಬೇಕು. ಆನಂತರ ರೋಲರಿನ ಮೊಳೆಗೂ ಕೀಲುಗಳಿಗೂ ಬಿಳಿ ಲಿಥಿಯಂ ಗ್ರೀಸನ್ನು ಕಾಡಿಗೆ ಹಚ್ಚುವಷ್ಟು ತೆಳುವಾಗಿ ಹಚ್ಚಿ. ಬಾಗಿಲಿನ ಸುತ್ತಲಿನ ರಬ್ಬರಿಗೆ ಸಿಲಿಕೋನ್ ಸ್ಪ್ರೇ ಮಾತ್ರ. ನಮ್ಮ ಬೇಸಿಗೆಯ ಬಿಸಿಲಿಗೆ ರಬ್ಬರು ಒಣಗಿ ಅಂಟಿಕೊಳ್ಳುವುದೂ ಬಿಗಿತಕ್ಕೆ ಒಂದು ಕಾರಣ. ಪೆಟ್ರೋಲು, ಸೀಮೆಎಣ್ಣೆಗಳನ್ನು ರಬ್ಬರಿನ ಹತ್ತಿರ ತರಬೇಡಿ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂ.ಡಿ.-40 ಹಳೆಯ ಜಿಡ್ಡನ್ನು ಸಡಿಲಿಸಲು ಚೆನ್ನ, ಆದರೆ ಅದನ್ನೇ ಬಹುಕಾಲದ ಕೀಲೆಣ್ಣೆಯೆಂದು ನಂಬಬೇಡಿ. ಮೋಟಾರಿನ ರಾಟೆಯನ್ನಂತೂ ನೀವಾಗಿ ಬಿಚ್ಚಬೇಡಿ. ಬಿಗಿದ ತಂತಿಹಗ್ಗ ಕೈಯನ್ನು ಸೀಳಬಲ್ಲದು.

‘ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಮಾತೇ?’ ಎನ್ನುವವರಿಗೆ ಒಂದೆರಡು ಸಂಗತಿ ಹೇಳಬೇಕು. 2016ರ ನವೆಂಬರಿನಲ್ಲಿ ಟೊಯೋಟಾ ಕಂಪನಿಯು ಅಮೆರಿಕದಲ್ಲಿ ಸುಮಾರು 7 ಲಕ್ಷ 44 ಸಾವಿರ ಸಿಯೆನಾ ಮಿನಿವ್ಯಾನುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಿತು. ಕಾರಣ ನಮ್ಮ ವಿಷಯವೇ. ಬಾಗಿಲಿಗೆ ಅಡ್ಡಿ ಬಂದು ಅದು ತೆರೆಯಲಾರದಾದಾಗ ಮೋಟಾರಿನ ಮೇಲೆ ಹೊರೆ ಹೆಚ್ಚಿ ಫ್ಯೂಸು ಹೋಗಬಹುದಾಗಿತ್ತು. ಆ ಗಳಿಗೆಯಲ್ಲಿ ಚಿಲಕ ಬಿಚ್ಚಿದ ಸ್ಥಿತಿಯಲ್ಲೇ ಉಳಿದರೆ, ಓಡುವ ವಾಹನದಲ್ಲಿ ಬಾಗಿಲು ತೆರೆದುಕೊಳ್ಳುವ ಅಪಾಯವಿತ್ತು. 2023ರಲ್ಲಿ ಅದೇ ದೇಶದಲ್ಲಿ ಕಿಯಾ ಕಂಪನಿಯು ಸುಮಾರು 51 ಸಾವಿರ ಕಾರ್ನಿವಲ್ ವಾಹನಗಳನ್ನು ಕರೆಸಿಕೊಂಡು, ಬಾಗಿಲು ಮುಚ್ಚುವ ಕೊನೆಯ ಹಂತದಲ್ಲಿ ನಿಧಾನವಾಗುವಂತೆ ತಂತ್ರಾಂಶವನ್ನು ತಿದ್ದಿಕೊಟ್ಟಿತು. ಬಾಗಿಲಿನಲ್ಲಿ ಜನರಿಗೆ ಗಾಯಗಳಾದದ್ದೇ ಅದಕ್ಕೆ ಕಾರಣ. ಅಷ್ಟು ದೊಡ್ಡ ಕಂಪನಿಗಳೇ ತಲೆಕೆಡಿಸಿಕೊಂಡ ವಿಷಯವನ್ನು ನಾವು ಕಡೆಗಣಿಸಬಾರದು.

ಈಗ ನಮ್ಮೂರ ಶಾಲಾ ವ್ಯಾನುಗಳಿಗೆ ಬರೋಣ. ಇವುಗಳಲ್ಲಿ ಮೋಟಾರಿಲ್ಲ, ಗಣಕವಿಲ್ಲ, ಬೆರಳು ಸಿಕ್ಕಿದರೆ ಹಿಂದೆ ಸರಿಯುವ ಏರ್ಪಾಡಿಲ್ಲ. ಇರುವುದು ಚಾಲಕನ ತೋಳು ಮಾತ್ರ. ಹಳಿ ಬಿಗಿಯಾದಷ್ಟೂ ಅವನು ಜೋರಾಗಿ ನೂಕುತ್ತಾನೆ. ಜೋರಾಗಿ ನೂಕಿದ ಬಾಗಿಲನ್ನು ನಡುವೆ ನಿಲ್ಲಿಸಲು ಯಾರಿಂದಲೂ ಆಗದು. ಬಾಗಿಲಿನ ಹಾದಿಯಲ್ಲಿ ಒಂದನೆಯ ತರಗತಿಯ ಮಗುವಿನ ಕೈ ಇರಬಹುದು. ರೋಲರು ಸವೆದು ಬಾಗಿಲು ಜೋತುಬಿದ್ದರೆ ಚಿಲಕ ತನ್ನ ಕೊಂಡಿಗೆ ಸರಿಯಾಗಿ ಕೂಡುವುದಿಲ್ಲ. ಮುಚ್ಚಿದಂತೆ ಕಂಡರೂ ಮುಚ್ಚಿರುವುದಿಲ್ಲ. ತೆರೆದ ಬಾಗಿಲನ್ನು ಹಿಡಿದಿಡುವ ಕೊಕ್ಕೆ ಸವೆದಿದ್ದರೆ ಇಳಿಜಾರಿನಲ್ಲಿ ಬಾಗಿಲು ತಾನಾಗಿ ಉರುಳಿ ಬಂದು ಹೊಡೆಯುತ್ತದೆ. ಇನ್ನು ಬೆಂಕಿಯೋ ಅಪಘಾತವೋ ಸಂಭವಿಸಿದರಂತೂ, ಗಂಡಾಳಿನ ಬಲವಿಲ್ಲದೆ ತೆರೆಯದ ಬಾಗಿಲಿನ ಹಿಂದೆ ಹತ್ತು ಮಕ್ಕಳು ಕುಳಿತಿರುತ್ತಾರೆ ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಆದ್ದರಿಂದ ನನ್ನದೊಂದು ಸಲಹೆ. ಪ್ರತಿ ವರ್ಷ ಶಾಲೆ ತೆರೆಯುವ ವಾರದಲ್ಲಿ, ಮತ್ತೆ ಸುಗ್ಗಿ ಮುಗಿದ ಮೇಲೊಮ್ಮೆ, ಪ್ರತಿ ವ್ಯಾನಿನ ಬಾಗಿಲನ್ನೂ ಪಾಲಕರ ಎದುರಿನಲ್ಲಿ ಪರೀಕ್ಷಿಸಬೇಕು. ಐದು ನಿಮಿಷದ ಕೆಲಸ. ಶಾಲೆಯ ಆಯಾ ಒಂದೇ ಕೈಯಿಂದ ಬಾಗಿಲನ್ನು ತೆರೆಯಬಲ್ಲಳೇ? ಮಕ್ಕಳ ಲಾಕನ್ನು ಬಿಡಿಸಿದಾಗ ಒಳಗಿನಿಂದಲೂ ತೆರೆಯುತ್ತದೆಯೇ? ಇಳಿಜಾರಿನಲ್ಲಿ ತೆರೆದಿಟ್ಟ ಬಾಗಿಲು ತೆರೆದೇ ನಿಲ್ಲುತ್ತದೆಯೇ? ಮೆಲ್ಲನೆ ಒಮ್ಮೆ ನೂಕಿದರೆ ಚಿಲಕ ಕೂಡುತ್ತದೆಯೇ? ಬಾಗಿಲನ್ನು ಹಿಡಿದು ಮೇಲಕ್ಕೆತ್ತಿದರೆ ಅಲುಗಾಡದೆ ಇದೆಯೇ? ಐದರಲ್ಲಿ ಒಂದಕ್ಕೆ ಉತ್ತರ ‘ಇಲ್ಲ’ ಎಂದಾದರೂ ಆ ವ್ಯಾನು ಮಕ್ಕಳನ್ನು ಹತ್ತಿಸಿಕೊಳ್ಳಬಾರದು. ಖರ್ಚು ಯಾರದು ಎಂದು ಚಾಲಕರು ಕೇಳುವುದು ಸಹಜ. ಅವರ ದುಡಿಮೆಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ ಎಂಬುದು ನನಗೆ ಗೊತ್ತು. ಒಂದು ಜೊತೆ ರೋಲರಿನ ಬೆಲೆಯನ್ನು ಆ ವ್ಯಾನಿನಲ್ಲಿ ಹೋಗುವ ಮಕ್ಕಳ ಪಾಲಕರು ಹಂಚಿಕೊಂಡರೆ ಯಾರಿಗೂ ಭಾರವಾಗದು. ಚಾಲಕನೊಬ್ಬನ ಮೇಲೆ ಹೊರಿಸಿ ಆಮೇಲೆ ಅವನನ್ನೇ ಬೈಯುವುದು ನ್ಯಾಯವಲ್ಲ.

ನಿಮ್ಮಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿಯೇ ಶಿಕ್ಷಕರಾಗಿರುವವರು ಇದ್ದೀರಿ, ಗ್ಯಾರೇಜು ನಡೆಸುವವರೂ ಇದ್ದೀರಿ. ಮಕ್ಕಳ ವ್ಯಾನುಗಳ ಬಾಗಿಲನ್ನು ವರ್ಷಕ್ಕೆರಡು ಸಲ ನೋಡಿಕೊಡುವ ಹೊಣೆಯನ್ನು ನೀವು ಕೂಡಿ ಹೊತ್ತರೆ ಈ ಹಳೆಯ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಗುರುದಕ್ಷಿಣೆ ಬೇಡ. ದೂರದೇಶದಲ್ಲಿರುವವರು ತಿಂಗಳಿಗೊಮ್ಮೆ ಬಾಗಿಲಿನ ವಿದ್ಯುತ್ತನ್ನು ನಿಲ್ಲಿಸಿ ನಿಮ್ಮ ಕೈಯಿಂದಲೇ ಅದನ್ನು ಎಳೆದು ನೋಡಿ. ಬಿಗಿತವಿದ್ದರೆ ಕೈಗೆ ತಿಳಿಯುತ್ತದೆ; ತಿಳಿದ ಮೇಲೆ ಶನಿವಾರದ ಒಂದು ಮಧ್ಯಾಹ್ನ, ಒಂದು ಬ್ರಷ್ಷು, ಒಂದು ಹಳೆಯ ಅರಿವೆ ಸಾಕು.

ಎಲ್ಲರಿಗೂ ಶುಭವಾಗಲಿ.